ಹಳೆಯ ರಿಜಿಸ್ಟರ್ ಮುಚ್ಚಿತೇ?

ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕ್ ಹೆಸರಿಗೆ ಮಾತ್ರ ಪಾರ್ಕು. 1997ರಲ್ಲಿ ಶುರುವಾದ ಈ 2,300 ಹೆಕ್ಟೇರಿನ ಬಡಾವಣೆಯಲ್ಲಿ ಕಾರ್ಖಾನೆ, ಗೋದಾಮು, ವಿಲ್ಲಾ, ಶಾಲೆ, ಆಸ್ಪತ್ರೆ, ಕಾರ್ಮಿಕರ ಕ್ಯಾಂಪು ಎಲ್ಲವೂ ಮಗ್ಗುಲು ಮಗ್ಗುಲಿಗೆ ಇವೆ. ಅಂಥದೊಂದು ಕ್ಯಾಂಪಿನ ಉಸ್ತುವಾರಿ ನೋಡುವವನು ಉಡುಪಿ ಕಡೆಯ ಒಬ್ಬ ಯುವಕ. ಗಲ್ಫಿನ ಮಾತಿನಲ್ಲಿ ಅವನು ‘ಕ್ಯಾಂಪ್ ಬಾಸ್’. ಅವನ ಸೋದರಮಾವ ತಾಲ್ಲೂಕು ಆರೋಗ್ಯಾಧಿಕಾರಿಯಾಗಿ ನಿವೃತ್ತರಾದವರು, ವಿಸಿಟ್ ವೀಸಾದಲ್ಲಿ ಬಂದವರು. ಭಾನುವಾರ ಸಂಜೆ ಕೆಫೆಟೇರಿಯಾ ಒಂದರ ಮುಂದೆ ಕರಕ್ ಚಹಾ ಕುಡಿಯುತ್ತ ಇಬ್ಬರೂ ಆಡಿದ ಮಾತು ಹೀಗಿತ್ತು.

ಅಳಿಯ: ಮಾವ, ನಮ್ಮೂರಲ್ಲಿ ಸರ್ಕಾರಿ ಆಸ್ಪತ್ರೆ ಅಂದರೆ ಚೀಟಿ, ಸಾಲು, ಸಾಲಿನ ಕೊನೆಗೆ ‘ಡಾಕ್ಟರು ಮೀಟಿಂಗಿಗೆ ಹೋಗಿದ್ದಾರೆ’. ಇಲ್ಲಿ ನೋಡಿದ್ರಲ್ಲ, ಕೌಂಟರಿನಲ್ಲಿ ಎಮಿರೇಟ್ಸ್ ಐಡಿ ಕೊಟ್ಟರೆ ವಿಮೆಯ ಪೂರ್ತಿ ವಿವರ ಅವರ ಪರದೆ ಮೇಲೆ ಬರುತ್ತದೆ. ನಮ್ಮಲ್ಲಿಗೆ ಇದೆಲ್ಲ ಬರುವುದು ಯಾವಾಗ?

ಮಾವ: ಕಾರ್ಡು, ಕಂಪ್ಯೂಟರು ನಮ್ಮಲ್ಲೂ ಬಂದಿವೆ ಮಾರಾಯ. ಆಯುಷ್ಮಾನ್ ಕಾರ್ಡ್ ಉಂಟು, ಮೊಬೈಲಿನಲ್ಲೇ ಡಾಕ್ಟರೊಡನೆ ಮಾತಾಡುವ ಇ-ಸಂಜೀವಿನಿ ಉಂಟು. ಬಂದದ್ದರಲ್ಲಿ ಕೆಲವು ಬೇರೂರಿದವು, ಕೆಲವು ಉದ್ಘಾಟನೆಯ ಫೋಟೋದಲ್ಲೇ ಉಳಿದವು. ಯಾಕೆ ಹಾಗೆ ಎನ್ನುವುದನ್ನು ಯೋಚಿಸಬೇಕು. ಮೊದಲು ನೀನು ಹೇಳು, ನಿನ್ನ ಕ್ಯಾಂಪಿನ ಅಷ್ಟೂ ಜನಕ್ಕೆ ವಿಮೆ ಬಂದದ್ದು ಹೇಗೆ? ಕಂಪನಿಗಳಿಗೆ ಒಮ್ಮೆಲೇ ಕರುಣೆ ಬಂತೇ?

ಅಳಿಯ: ಕಾನೂನು ಬಂತು. ಅಬುಧಾಬಿಯವರು 2005ರಲ್ಲೇ ಕಾನೂನು ಮಾಡಿ ಮೊದಲು ದಾರಿ ಹಾಕಿದರು. ದುಬೈಯದ್ದು 2013ರ 11ನೇ ಕಾನೂನು. ಸಾವಿರಕ್ಕಿಂತ ಹೆಚ್ಚು ಜನ ಇರುವ ಕಂಪನಿಗಳಿಗೆ 2014ರ ಅಕ್ಟೋಬರ್ ಗಡುವು, ನೂರರ ಮೇಲಿನವರಿಗೆ 2015ರ ಜುಲೈ, ಅದಕ್ಕಿಂತ ಸಣ್ಣವರಿಗೆ 2016ರ ಜೂನ್. ಸಣ್ಣ ಕಂಪನಿಗಳು ಒದ್ದಾಡಿದಾಗ ಗಡುವನ್ನು ಮುಂದಕ್ಕೆ ಹಾಕಿದ್ದೂ ಉಂಟು. ನಾಲ್ಕು ಸಾವಿರ ದಿರ್ಹಮಿಗಿಂತ ಕಡಿಮೆ ಸಂಬಳದವರಿಗೆ ಕನಿಷ್ಠ ಇಷ್ಟು ಕೊಡಲೇಬೇಕು ಎಂಬ ಪ್ಯಾಕೇಜು. ವರ್ಷಕ್ಕೆ ಒಂದೂವರೆ ಲಕ್ಷ ದಿರ್ಹಮಿನವರೆಗೆ ಚಿಕಿತ್ಸೆ. ಪ್ರೀಮಿಯಂ ಕಂಪನಿಯದ್ದು, ಕಾರ್ಮಿಕನ ಸಂಬಳದಲ್ಲಿ ಹಿಡಿಯುವಂತಿಲ್ಲ.

ಮಾವ: ಕಾನೂನು ಮಾಡಿದರೆ ಸಾಕೇ? ನಮ್ಮಲ್ಲಿ ಕಾನೂನಿಗೆ ಬರವೇ?

ಅಳಿಯ: ವಿಮೆ ಇಲ್ಲದಿದ್ದರೆ ವೀಸಾ ಆಗುವುದಿಲ್ಲ. ಅಲ್ಲಿಗೆ ಮುಗಿಯಿತು.

ಮಾವ: ಹಾಂ, ಗುಟ್ಟು ಅಲ್ಲುಂಟು. ವೀಸಾ ನವೀಕರಣ ಹೇಗೂ ನಡೆಯಲೇಬೇಕಾದ ಕೆಲಸ. ಅದಕ್ಕೆ ಒಂದು ಕಚೇರಿ, ಒಂದು ದಿನಾಂಕ, ಕಂಪನಿಯ ಕಾಗದಪತ್ರ ಹಿಡಿದು ಓಡಾಡುವ ಒಬ್ಬ ಪಿಆರ್‌ಓ ಮೊದಲೇ ಇದ್ದರು. ವಿಮೆಯನ್ನು ತಂದು ಅದೇ ದಾರಿಯಲ್ಲಿ ಕೂರಿಸಿದರು. ಮನೆ ಮನೆಗೆ ಹೋಗಿ ‘ವಿಮೆ ಮಾಡಿಸಿ’ ಎಂದು ಕರಪತ್ರ ಹಂಚಿದ್ದರೆ ಇಂದಿಗೂ ಹಂಚುತ್ತಲೇ ಇರುತ್ತಿದ್ದರು. ತೋಟಕ್ಕೆ ನೀರು ಬಿಡುವವನು ಹೊಸದಾಗಿ ಅಗೆಯುವ ಮೊದಲು ಹಳೆಯ ತೋಡು ಎಲ್ಲಿ ಹರಿಯುತ್ತಿದೆ ಎಂದು ನೋಡುತ್ತಾನಲ್ಲ, ಹಾಗೆ.

ಅಳಿಯ: ಹಾಗಾದರೆ 2025ರ ಜನವರಿ 1ರಿಂದ ಶಾರ್ಜಾ, ಅಜ್ಮಾನ್ ಕಡೆಯ ಎಮಿರೇಟುಗಳಲ್ಲಿ ಮಾಡಿದ್ದೂ ಅದೇ. ಖಾಸಗಿ ಕಂಪನಿಯ ನೌಕರರಿಗೆ, ಮನೆಗೆಲಸದವರಿಗೆ ವಿಮೆ ಇದ್ದರೆ ಮಾತ್ರ ರೆಸಿಡೆನ್ಸಿ. ಕನಿಷ್ಠ ಪ್ಯಾಕೇಜು ವರ್ಷಕ್ಕೆ 320 ದಿರ್ಹಮಿನಿಂದ ಶುರು.

ಮಾವ: ಅದೇ ದಾರಿ. ಈಗ ಇದರ ಇನ್ನೊಂದು ಮಗ್ಗುಲು ಹೇಳು. ವಿಮೆ ಇರುವ ಹುಡುಗರೆಲ್ಲ ಕಾಯಿಲೆ ಬಿದ್ದಾಗ ಆಸ್ಪತ್ರೆಗೆ ಹೋಗುತ್ತಾರೋ?

ಅಳಿಯ: ಹೋಗಬೇಕಾದಷ್ಟು ಬೇಗ ಹೋಗುವುದಿಲ್ಲ. ಒಂದು, ಡಾಕ್ಟರ ಫೀಸಿನಲ್ಲಿ ನೂರಕ್ಕೆ ಇಪ್ಪತ್ತು, ಔಷಧಿಯಲ್ಲಿ ನೂರಕ್ಕೆ ಮೂವತ್ತು ಕೈಯಿಂದ ಕೊಡಬೇಕು. ಸಾವಿರ ಚಿಲ್ಲರೆ ದಿರ್ಹಮ್ ಸಂಬಳದವನಿಗೆ ಅದೂ ಲೆಕ್ಕವೇ. ಎರಡು, ಪ್ರೊಬೇಷನ್ ಮುಗಿದವನಿಗೆ ಸಿಕ್ ಲೀವ್ ವರ್ಷಕ್ಕೆ 15 ದಿನ ಪೂರ್ತಿ ಸಂಬಳದ್ದು ಸಿಗುತ್ತದೆ, ಸರಿ. ಆದರೆ ರಜೆ ಹಾಕಿದ ದಿನದ ಓಟಿ, ಅಂದರೆ ಓವರ್‌ಟೈಮ್ ದುಡ್ಡು, ಹೋಯಿತಲ್ಲ! ಊರಿಗೆ ಕಳಿಸುವ ದುಡ್ಡು ಹುಟ್ಟುವುದೇ ಓಟಿಯಲ್ಲಿ. ಮೂರು, ನಮ್ಮ ವಿಮೆಯ ನೆಟ್‌ವರ್ಕಿನ ಕ್ಲಿನಿಕ್ ಎಲ್ಲುಂಟು, ಅಪ್ರೂವಲ್ ಬರುವುದೆಷ್ಟು ಹೊತ್ತು ಎನ್ನುವುದು ಗೊತ್ತಿಲ್ಲ. ನಾಲ್ಕನೆಯದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಭಯ. ವೀಸಾ ಮೆಡಿಕಲ್‌ನಲ್ಲಿ ಎದೆಯ ಎಕ್ಸ್‌ರೇ ಉಂಟಲ್ಲ, ಏನಾದರೂ ಕಂಡರೆ ವೀಸಾ ಹೋದೀತು ಎಂದು. ಕೆಮ್ಮು ವಾರಗಟ್ಟಲೆ ಇದ್ದರೂ ‘ಧೂಳಿಂದ ಬಂದದ್ದು’ ಎಂದು ಸುಮ್ಮನಿರುವವರನ್ನು ನಾನು ನೋಡಿದ್ದೇನೆ.

ಮಾವ: ನೋಡು, ಕಾನೂನು ಆಸ್ಪತ್ರೆಯ ಬಾಗಿಲಿನವರೆಗೆ ತಂದು ಬಿಟ್ಟಿತು. ಬಾಗಿಲಿನಿಂದ ಡಾಕ್ಟರ ಮೇಜಿನವರೆಗಿನ ಹತ್ತು ಹೆಜ್ಜೆಯನ್ನು ಯಾರೂ ಅಳೆಯಲಿಲ್ಲ. ಓಟಿಯ ಲೆಕ್ಕ ನಿನಗೆ ಗೊತ್ತುಂಟು, ವಿಮೆಯ ನಿಯಮ ಬರೆದವರಿಗೆ ಗೊತ್ತಿರಲಿಕ್ಕಿಲ್ಲ.

ಅಳಿಯ: ಆದರೆ ಒಂದು ಒಳ್ಳೆಯದನ್ನೂ ಹೇಳಬೇಕು. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರರವರೆಗೆ ಬಿಸಿಲಲ್ಲಿ ಯಾರನ್ನೂ ದುಡಿಸುವಂತಿಲ್ಲ. 2005ರಿಂದ ವರ್ಷವೂ ನಡೆದುಬಂದ ನಿಯಮ. ತಪ್ಪಿದ ಕಂಪನಿಗೆ ತಲೆಗಿಷ್ಟು ಎಂದು ದಂಡ. ಬಿಸಿಲಿನ ಹೊಡೆತಕ್ಕೆ ಐಸಿಯುನಲ್ಲಿ ಮಾಡುವ ಉಪಚಾರಕ್ಕಿಂತ ಇದೇ ದೊಡ್ಡದು ಎಂದು ನನಗೆ ಅನ್ನಿಸುತ್ತದೆ.

ಮಾವ: ದೊಡ್ಡದೇ. ಸಾರ್ವಜನಿಕ ಆರೋಗ್ಯದಲ್ಲಿ ಹೊಸತು ಎಂದರೆ ಎಲ್ಲರ ಕಣ್ಣಿಗೆ ಬೀಳುವುದು ಯಂತ್ರ. ಆದರೆ ಯಂತ್ರ ಇಲ್ಲದ ಹೊಸತೂ ಉಂಟು. 1971ರಲ್ಲಿ ಬಾಂಗ್ಲಾದ ನಿರಾಶ್ರಿತರು ಬೋಂಗಾವ್ ಶಿಬಿರದಲ್ಲಿ ಕಾಲರಾ ಬಂದು ಸಾಯುತ್ತಿದ್ದರು. ಸಲೈನ್ ಬಾಟಲಿ ಮುಗಿದಿತ್ತು. ಡಾ. ದಿಲೀಪ್ ಮಹಲನಬೀಸ್ ಉಪ್ಪು, ಸೋಡಾ, ಗ್ಲುಕೋಸ್ ಬೆರೆಸಿದ ನೀರನ್ನು ಡ್ರಮ್ಮಿನಲ್ಲಿ ತುಂಬಿಸಿಟ್ಟು, ರೋಗಿಯ ಮನೆಯವರ ಕೈಯಲ್ಲೇ ಕುಡಿಸಿದರು. ಸಾವು ನೂರಕ್ಕೆ ಮೂವತ್ತರ ಹತ್ತಿರದಿಂದ ನಾಲ್ಕಕ್ಕಿಂತ ಕೆಳಕ್ಕೆ ಇಳಿಯಿತು. ನೀರಿನ ಮಿಶ್ರಣ ಮೊದಲೇ ಗೊತ್ತಿದ್ದದ್ದು. ಅದನ್ನು ನರ್ಸಿನ ಕೈಯಿಂದ ತಾಯಿಯ ಕೈಗೆ ದಾಟಿಸಿದ್ದೇ ಹೊಸತು.

ಅಳಿಯ: ಅದು ಸಂಕಟ ಬಂದಾಗ ಹುಟ್ಟಿದ್ದು. ಸಂಕಟ ಇಲ್ಲದಾಗ ಸರ್ಕಾರ ತಾನಾಗಿ ಏನನ್ನಾದರೂ ಮಾಡಿದ್ದುಂಟೇ, ನಮ್ಮ ಕಡೆ?

ಮಾವ: ಮೈಸೂರು ಸಂಸ್ಥಾನ 1930ರಲ್ಲೇ ಸರ್ಕಾರಿ ಆಸ್ಪತ್ರೆಯಲ್ಲಿ ಗರ್ಭನಿರೋಧಕ್ಕೆ ಕ್ಲಿನಿಕ್ ತೆರೆಯಿತು. ಸರ್ಕಾರವೇ ಅಂಥದ್ದನ್ನು ನಡೆಸಿದ್ದು ಲೋಕದಲ್ಲೇ ಮೊದಲು ಎನ್ನುತ್ತಾರೆ. ಅದು ಮೇಲಿನಿಂದ ಬಂದ ಅಪ್ಪಣೆ, ನಿನ್ನ ದುಬೈಯ ಹಾಗೆ. ಜನರಾಜ್ಯ ಬಂದ ಮೇಲಿನ ಮಾತು ಬೇಕಾದರೆ ಯಶಸ್ವಿನಿ ನೋಡು. ಎಸ್.ಎಂ. ಕೃಷ್ಣ ಮುಖ್ಯಮಂತ್ರಿ, 2002ರ ಕೊನೆ. ಡಾ. ದೇವಿ ಶೆಟ್ಟಿಯವರ ಯೋಚನೆ, ಸಹಕಾರ ಇಲಾಖೆಯ ಯೋಜನೆ. ತಿಂಗಳಿಗೆ ಐದು ರೂಪಾಯಿ, ವರ್ಷಕ್ಕೆ ಅರುವತ್ತು. ಅಷ್ಟಕ್ಕೆ ರೈತನಿಗೆ ಹೃದಯದ ಶಸ್ತ್ರಚಿಕಿತ್ಸೆಯೂ ಸಿಗುತ್ತಿತ್ತು. ಮೊದಲ ವರ್ಷವೇ ಸುಮಾರು 16 ಲಕ್ಷ ಜನ ಸೇರಿದರು. ಹೇಗೆ?

ಅಳಿಯ: ಹಾಲಿನ ಸೊಸೈಟಿ.

ಮಾವ: ಹೌದು. ಹಾಲಿನ ಸೊಸೈಟಿ, ಕೃಷಿ ಪತ್ತಿನ ಸಂಘ. ರೈತ ದಿನಾ ಹೋಗುವ ಜಾಗ, ಮುಖ ಪರಿಚಯದ ಕಾರ್ಯದರ್ಶಿ, ದುಡ್ಡು ತೆಗೆದುಕೊಂಡು ರಸೀದಿ ಬರೆಯುವ ಅಭ್ಯಾಸ. ವಿಮಾ ಏಜೆಂಟ್ ಬೇಕಾಗಲಿಲ್ಲ. ಇಲ್ಲಿ ವೀಸಾ ಯಾವ ಕೆಲಸ ಮಾಡಿತೋ ಅಲ್ಲಿ ಸೊಸೈಟಿ ಅದೇ ಕೆಲಸ ಮಾಡಿತು. ಆದರೆ 2018ರಲ್ಲಿ ಆರೋಗ್ಯ ಕರ್ನಾಟಕ ಎಂಬ ಯೋಜನೆ ಬಂತು, ಯಶಸ್ವಿನಿಯನ್ನು ಅದರೊಳಗೆ ಸೇರಿಸಿ ನಿಲ್ಲಿಸಿದರು. ಮತ್ತೆ 2022ರಲ್ಲಿ ಹೊಸದಾಗಿ ಶುರು ಮಾಡಿದರು. ನಡುವಿನ ವರ್ಷಗಳಲ್ಲಿ ಸೊಸೈಟಿಯ ಕಾರ್ಯದರ್ಶಿಗೆ ಆ ಕೆಲಸದ ರೂಢಿ ತಪ್ಪಿತು, ರೈತನಿಗೆ ನಂಬಿಕೆ ತಪ್ಪಿತು. ಹದಿನೈದು ವರ್ಷದಲ್ಲಿ ಕಟ್ಟಿದ ರೂಢಿಯನ್ನು ಒಂದು ಆದೇಶದಲ್ಲಿ ನಿಲ್ಲಿಸಬಹುದು. ಆದೇಶದಲ್ಲಿ ಮತ್ತೆ ಕಟ್ಟಲಿಕ್ಕೆ ಆಗುವುದಿಲ್ಲ.

ಅಳಿಯ: ಸರ್ಕಾರ ಬದಲಾದಾಗ ಹೆಸರು ಬದಲಾಗುವುದು ನಮ್ಮಲ್ಲಿ ಮಾಮೂಲು.

ಮಾವ: ಹೆಸರಷ್ಟೇ ಬದಲಾದರೆ ಸಹಿಸಬಹುದಿತ್ತು. ಫಾರ್ಮು ಬದಲಾಗುತ್ತದೆ, ತಂತ್ರಾಂಶ ಬದಲಾಗುತ್ತದೆ, ತರಬೇತಿ ಕೊಟ್ಟವರು ವರ್ಗವಾಗಿ ಹೋಗುತ್ತಾರೆ. ನಮ್ಮ ಇಲಾಖೆಯಲ್ಲಿ ಒಳ್ಳೆಯ ಯೋಜನೆಗಳು ಬಹಳ ಸಲ ಒಬ್ಬ ಅಧಿಕಾರಿಯ ಉತ್ಸಾಹದಲ್ಲಿ ಹುಟ್ಟಿ, ಅವರ ವರ್ಗಾವಣೆಯ ಆದೇಶದೊಡನೆ ಮುಗಿಯುತ್ತವೆ. ಬಳ್ಳಾರಿಯದ್ದು ಗೊತ್ತುಂಟಾ?

ಅಳಿಯ: ಗಣಿಯದ್ದೋ?

ಮಾವ: ಅಲ್ಲ, ಮನಸ್ಸಿನದ್ದು. ನಿಮ್ಹಾನ್ಸಿನವರು 1970ರ ದಶಕದಲ್ಲಿ ಬೆಂಗಳೂರಿನ ಹತ್ತಿರ ಸಕಲವಾರದಲ್ಲಿ ಒಂದು ಪ್ರಯೋಗ ಮಾಡಿದರು. ಮನೋರೋಗಕ್ಕೆ, ಮೂರ್ಛೆರೋಗಕ್ಕೆ ಹಳ್ಳಿಯ ಮಟ್ಟದಲ್ಲೇ ಚಿಕಿತ್ಸೆ ಕೊಡಬಹುದೇ ಎಂದು ನೋಡಿದರು. ಆಮೇಲೆ 1985ರಿಂದ ಇಡೀ ಬಳ್ಳಾರಿ ಜಿಲ್ಲೆಯಲ್ಲಿ ಮಾಡಿದರು. ಪ್ರಾಥಮಿಕ ಆರೋಗ್ಯ ಕೇಂದ್ರದ ಸಾಮಾನ್ಯ ಎಂಬಿಬಿಎಸ್ ಡಾಕ್ಟರಿಗೆ ಕೆಲವು ವಾರದ ತರಬೇತಿ, ಕೆಲವೇ ಔಷಧಿಗಳ ಪಟ್ಟಿ, ಆರೋಗ್ಯ ಕಾರ್ಯಕರ್ತೆಗೆ ರೋಗಿಯನ್ನು ಗುರುತಿಸುವ ಪಾಠ. ಸರಪಳಿ ಕಟ್ಟಿ ಕೂಡಿಹಾಕಿದ್ದ ಜನ ಮಾತ್ರೆ ತಿಂದು ಹೊಲಕ್ಕೆ ಹೋದರು. 1996ರಲ್ಲಿ ಕೇಂದ್ರ ಸರ್ಕಾರ ಅದೇ ಮಾದರಿಯನ್ನು ನಾಲ್ಕು ಜಿಲ್ಲೆಗಳಲ್ಲಿ ಶುರು ಮಾಡಿತು, ಇಂದು ದೇಶದ ಬಹುತೇಕ ಜಿಲ್ಲೆಗಳಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಉಂಟು.

ಅಳಿಯ: ಹಾಗಾದರೆ ಗೆದ್ದ ಹಾಗೆಯೇ ಆಯಿತಲ್ಲ.

ಮಾವ: ಕಾಗದದಲ್ಲಿ ಗೆದ್ದಿತು. ಬಳ್ಳಾರಿಯಲ್ಲಿ ತಜ್ಞರು ಬೆನ್ನಿಗಿದ್ದರು. ಹಳ್ಳಿಯ ಡಾಕ್ಟರಿಗೆ ಅನುಮಾನ ಬಂದರೆ ಕೇಳಲಿಕ್ಕೆ ಜನ ಇದ್ದರು. ಎಲ್ಲ ಜಿಲ್ಲೆಗೂ ಹಬ್ಬಿಸುವಾಗ ತರಬೇತಿಯನ್ನು ಹಬ್ಬಿಸಿದರು, ಬೆನ್ನಿಗೆ ನಿಲ್ಲುವವರನ್ನು ಹಬ್ಬಿಸಲಿಲ್ಲ. ಅನುಮಾನ ಬಂದ ಡಾಕ್ಟರು ‘ಜಿಲ್ಲಾಸ್ಪತ್ರೆಗೆ ಹೋಗಿ’ ಎಂದು ಚೀಟಿ ಬರೆಯುತ್ತಾನೆ. ಚೀಟಿ ಬರೆದರೆ ಯಾರೂ ಬೈಯುವುದಿಲ್ಲ, ಔಷಧಿ ಕೊಟ್ಟು ಹೆಚ್ಚು ಕಡಿಮೆ ಆದರೆ ಮಾತ್ರ ಬೈಯುತ್ತಾರೆ.

ಅಳಿಯ: ಇದು ಎಲ್ಲ ಸರ್ಕಾರಿ ಕೆಲಸಕ್ಕೂ ಅನ್ವಯಿಸುತ್ತದೆ ಅಲ್ವಾ ಮಾವ? ಮಾಡದೆ ಇದ್ದವನಿಗೆ ಶಿಕ್ಷೆ ಇಲ್ಲ, ಮಾಡಿ ತಪ್ಪಿದವನಿಗೆ ನೋಟಿಸು.

ಮಾವ: ಅಡ್ಡಿಗಳಲ್ಲೆಲ್ಲ ದೊಡ್ಡ ಅಡ್ಡಿ ಅದು, ದುಡ್ಡಿಲ್ಲ ಎನ್ನುವುದಕ್ಕಿಂತ ದೊಡ್ಡದು. ನನ್ನ ಕೈಕೆಳಗಿನ ಒಂದು ಆಸ್ಪತ್ರೆಯಲ್ಲಿ ಹೊಸ ಇಸಿಜಿ ಯಂತ್ರವನ್ನು ಕಪಾಟಿನಲ್ಲಿ ಬೀಗ ಹಾಕಿ ಇಟ್ಟಿದ್ದರು. ಹೊರಗಿಟ್ಟು ಹಾಳಾದರೆ ಆಡಿಟ್‌ನಲ್ಲಿ ಯಾರು ಉತ್ತರ ಕೊಡುವುದು? ಸ್ಟಾಕ್ ರಿಜಿಸ್ಟರಿನಲ್ಲಿ ಯಂತ್ರ ಸರಿಯಾಗಿ ಇತ್ತು, ಆಡಿಟರಿಗೆ ಸಂತೋಷ. ಎದೆನೋವು ಬಂದವನಿಗೆ ಮಾತ್ರ ಅದು ಇರಲಿಲ್ಲ.

ಅಳಿಯ: ಈಗ ಹಾಗಿಲ್ಲ ಎಂದು ಕೇಳಿದ್ದೇನೆ. ಹೃದಯ ಜ್ಯೋತಿ ಅಂತ ಬಂದಿದೆಯಲ್ಲ.

ಮಾವ: ಅದರ ಹಿಂದೆ ನಮ್ಮ ಕರಾವಳಿಯ ಒಂದು ಪ್ರಯೋಗವನ್ನೂ ನೆನೆಯಬೇಕು. ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ 2018ರಲ್ಲಿ ‘ಕಾರ್ಡಿಯಾಲಜಿ ಅಟ್ ಡೋರ್‌ಸ್ಟೆಪ್’ ಎಂದು ವಾಟ್ಸ್ಆ್ಯಪ್ ಗುಂಪು ಮಾಡಿದರು. ಹಳ್ಳಿಯ ಆರೋಗ್ಯ ಕೇಂದ್ರಗಳಿಗೆ ಇಸಿಜಿ ಯಂತ್ರ ಕೊಡಿಸಿದರು. ಹಳ್ಳಿಯ ಡಾಕ್ಟರು ಇಸಿಜಿಯ ಫೋಟೋ ಹಾಕಿದರೆ ತಜ್ಞರು ಅಲ್ಲೇ ಉತ್ತರ ಕೊಡುತ್ತಿದ್ದರು. ಸರ್ಕಾರ 2023ರಲ್ಲಿ ಪುನೀತ್ ರಾಜ್‌ಕುಮಾರ್ ಹೆಸರಿನಲ್ಲಿ ಘೋಷಿಸಿದ ಹೃದಯ ಜ್ಯೋತಿ ಯೋಜನೆಯ ಏರ್ಪಾಡೂ ಅದೇ ಜಾತಿಯದ್ದು. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿ ಜಯದೇವದಂಥ ದೊಡ್ಡ ಆಸ್ಪತ್ರೆಯ ತಜ್ಞರಿಗೆ ತಲುಪುತ್ತದೆ. ಹೃದಯಾಘಾತವೇ ಎಂದು ಅವರು ಖಚಿತಪಡಿಸಿದರೆ ರಕ್ತದ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ತಾಲ್ಲೂಕಿನಲ್ಲೇ ಉಚಿತವಾಗಿ ಕೊಡುತ್ತಾರೆ. ಹೊರಗೆ ಅದಕ್ಕೆ ಹತ್ತಾರು ಸಾವಿರ ರೂಪಾಯಿ.

ಅಳಿಯ: ಇದು ಯಾಕೆ ಬೇರೂರಿತು, ಬಳ್ಳಾರಿಯದ್ದು ಯಾಕೆ ಸೊರಗಿತು?

ಮಾವ: ಆ ಚುಚ್ಚುಮದ್ದು ಕೊಟ್ಟರೆ ಕೆಲವರಿಗೆ ರಕ್ತಸ್ರಾವ ಆಗಬಹುದು. ಹಿಂದೆ ತಾಲ್ಲೂಕಿನ ಡಾಕ್ಟರು ಒಬ್ಬನೇ ನಿರ್ಧಾರ ಮಾಡಬೇಕಿತ್ತು. ಹೊರಗೆ ರೋಗಿಯ ಕಡೆಯ ಐವತ್ತು ಜನ. ಅವನು ಆಂಬುಲೆನ್ಸ್ ಹತ್ತಿಸಿ ಕಳಿಸುತ್ತಿದ್ದ, ಅರ್ಧ ದಾರಿಯಲ್ಲಿ ಜೀವ ಹೋಗುತ್ತಿತ್ತು. ಈಗ ನಿರ್ಧಾರದಲ್ಲಿ ದೊಡ್ಡ ಆಸ್ಪತ್ರೆಯವರಿಗೂ ಪಾಲು ಉಂಟು. ಯಂತ್ರ ಇಸಿಜಿಯನ್ನು ಮಾತ್ರ ಕಳಿಸಲಿಲ್ಲ, ಹೆದರಿಕೆಯ ಅರ್ಧ ಭಾಗವನ್ನೂ ಕಳಿಸಿತು. ಬಳ್ಳಾರಿಯ ಮಾದರಿ ಹಬ್ಬುವಾಗ ಬಿಟ್ಟುಹೋದದ್ದು ಇದೇ.

ಅಳಿಯ: ಸರಿ. ಆದರೆ ಮಾವ, ಕಂಪ್ಯೂಟರಿನ ವಿಷಯದಲ್ಲಿ ದುಬೈ ನಮಗಿಂತ ಮುಂದೆ ಎನ್ನುವುದನ್ನು ಒಪ್ಪಿಕೊಳ್ಳಿ. ಇಲ್ಲಿನ ಸರ್ಕಾರಿ ಆಸ್ಪತ್ರೆಗಳಿಗೆ 2017ರಲ್ಲಿ ‘ಸಲಾಮಾ’ ಬಂತು, ಒಬ್ಬ ರೋಗಿಗೆ ಒಂದೇ ದಾಖಲೆ. ಆಮೇಲೆ ಖಾಸಗಿಯವರನ್ನೂ ಸೇರಿಸಲಿಕ್ಕೆ ‘ನಬಿದ್’. ಅಬುಧಾಬಿಯದ್ದು 2019ರಿಂದ ‘ಮಲಫಿ’.

ಮಾವ: ಒಪ್ಪುತ್ತೇನೆ. ಅದರಲ್ಲಿ ನನಗೆ ಹಿಡಿಸಿದ್ದು ಆ ‘ಒಂದೇ’ ಎನ್ನುವುದು. ನಮ್ಮಲ್ಲಿ ಒಬ್ಬ ಆಶಾ ಕಾರ್ಯಕರ್ತೆಯ ಚೀಲ ತೆಗೆದು ನೋಡು. ಗರ್ಭಿಣಿಯರದ್ದು ಒಂದು ಪುಸ್ತಕ, ಲಸಿಕೆಯದ್ದು ಒಂದು, ಸಮೀಕ್ಷೆಯದ್ದು ಒಂದು. ಇಷ್ಟು ಬರೆದ ಮೇಲೆ ಅದನ್ನೇ ಮೊಬೈಲಿನಲ್ಲಿ ತುಂಬಬೇಕು. ಅವಳು ಹೇಳಿದ್ದನ್ನು ಆರೋಗ್ಯ ಕೇಂದ್ರದ ಸಿಬ್ಬಂದಿ ಪೋರ್ಟಲಿಗೆ ಹಾಕಬೇಕು. ಪೋರ್ಟಲಿನಲ್ಲಿ ಹೆಸರು ಬೀಳದಿದ್ದರೆ ಅವಳು ಮಾಡಿದ ಕೆಲಸದ ಪ್ರೋತ್ಸಾಹಧನವೂ ಬೀಳುವುದಿಲ್ಲ. ಹೆರಿಗೆ ಮಾಡಿಸಲಿಕ್ಕೆ ರಾತ್ರಿ ಆಟೋದಲ್ಲಿ ಹೋದವಳು ಅವಳು, ನೆಟ್‌ವರ್ಕ್ ಇಲ್ಲದ್ದಕ್ಕೆ ದುಡ್ಡು ಕಳೆದುಕೊಂಡವಳೂ ಅವಳೇ. ಸರ್ಕಾರಕ್ಕೆ ಅದು ಹೊಸ ವ್ಯವಸ್ಥೆ, ಅವಳಿಗೆ ಇನ್ನೊಂದು ರಿಜಿಸ್ಟರ್.

ಅಳಿಯ: ಹಳೆಯ ಪುಸ್ತಕ ನಿಲ್ಲಿಸಬಹುದಲ್ಲ?

ಮಾವ: ನಿಲ್ಲಿಸುವ ಆದೇಶಕ್ಕೆ ಸಹಿ ಹಾಕುವವರು ಯಾರು? ಹೊಸ ಆ್ಯಪ್ ತಂದವರ ಹೆಸರು ಕಲ್ಲಿನಲ್ಲಿ ಬರುತ್ತದೆ. ಹಳೆಯ ರಿಜಿಸ್ಟರ್ ನಿಲ್ಲಿಸಿದವರ ಹೆಸರು ಆಡಿಟ್ ಆಕ್ಷೇಪಣೆಯಲ್ಲಿ ಬರುತ್ತದೆ. ಹಾಗಾಗಿ ಎರಡೂ ನಡೆಯಲಿ ಎನ್ನುತ್ತಾರೆ. ನಾನೂ ಆ ಕುರ್ಚಿಯಲ್ಲಿ ಕೂತವನೇ. ಇದು ನಮ್ಮ ದೇಶದ ರೋಗ ಮಾತ್ರ ಅಲ್ಲ. ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್ 2002ರಲ್ಲಿ ದೇಶಕ್ಕೆಲ್ಲ ಒಂದೇ ಗಣಕ ವ್ಯವಸ್ಥೆ ತರುತ್ತೇವೆ ಎಂದು ಹೊರಟಿತು. ಸಾವಿರ ಕೋಟಿ ಪೌಂಡಿನ ಹತ್ತಿರದ ಲೆಕ್ಕದ ಯೋಜನೆ. ಕೆಲಸ ಮಾಡುವ ಡಾಕ್ಟರು, ನರ್ಸುಗಳನ್ನು ಸರಿಯಾಗಿ ಕೇಳದೆ ಮೇಲಿನಿಂದ ಹೇರಿದ್ದು ಎಂಬ ದೂರು ಮೊದಲಿನಿಂದ ಇತ್ತು. 2011ರಲ್ಲಿ ಕೈಬಿಟ್ಟರು.

ಅಳಿಯ: ಅದಕ್ಕೇ ನಾನು ಹೇಳುವುದು, ಇಲ್ಲಿ ಅಪ್ಪಣೆ ಆದರೆ ಆಗಿಹೋಯಿತು. ಮುಷ್ಕರ ಇಲ್ಲ, ತಡೆಯಾಜ್ಞೆ ಇಲ್ಲ. ನಮ್ಮಲ್ಲಿ ಏನು ಮಾಡಹೊರಟರೂ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಧರಣಿ.

ಮಾವ: ಆ ಧರಣಿಯನ್ನು ನಾನು ಅಡ್ಡಿಯ ಲೆಕ್ಕಕ್ಕೆ ಬರೆಯುವುದಿಲ್ಲ. 2025ರ ಜನವರಿಯಲ್ಲಿ ಆಶಾ ಕಾರ್ಯಕರ್ತೆಯರು ಚಳಿಯಲ್ಲಿ ಅಲ್ಲೇ ಮಲಗಿದರು. ಗೌರವಧನದ ಜೊತೆಗೆ ಅವರು ಕೇಳಿದ್ದು ಏನು? ಪೋರ್ಟಲಿಗೂ ಪ್ರೋತ್ಸಾಹಧನಕ್ಕೂ ಹಾಕಿದ ಗಂಟು ಬಿಚ್ಚಿ ಎಂದು. ವ್ಯವಸ್ಥೆ ಎಲ್ಲಿ ಕೆಟ್ಟಿದೆ ಎಂದು ಇಷ್ಟು ಸ್ಪಷ್ಟವಾಗಿ ಯಾವ ಸಲಹೆಗಾರ ಕಂಪನಿ ಹೇಳೀತು? ಕರ್ನಾಟಕದಲ್ಲಿ 42 ಸಾವಿರದಷ್ಟು ಆಶಾಗಳು. ಅಷ್ಟು ಪರೀಕ್ಷಕರು ಪುಕ್ಕಟೆ ಸಿಕ್ಕಿದ್ದಾರೆ ಎಂದು ತಿಳಿಯಬೇಕು. ಇಲ್ಲಿ ನಿನ್ನ ಕ್ಯಾಂಪಿನ ಹುಡುಗ ಓಟಿಯ ವಿಷಯವನ್ನು ಯಾರಿಗೆ ಹೇಳುತ್ತಾನೆ?

ಅಳಿಯ: ಕಾರ್ಮಿಕ ಸಚಿವಾಲಯಕ್ಕೆ ದೂರು ಕೊಡಲಿಕ್ಕೆ ಆ್ಯಪ್ ಉಂಟು, ಹಲವು ಭಾಷೆ ಉಂಟು. ಸಂಬಳ ಬಾರದಿದ್ದರೆ ಕೊಡುತ್ತಾರೆ. ಸಂಘ ಕಟ್ಟುವಂತಿಲ್ಲ. ‘ಆಸ್ಪತ್ರೆಗೆ ಹೋಗಲಿಕ್ಕೆ ಮನಸ್ಸಾಗುವುದಿಲ್ಲ’ ಎನ್ನುವುದು ಯಾವ ಫಾರ್ಮಿನಲ್ಲೂ ಇಲ್ಲ. ನನಗೆ ಹೇಳುತ್ತಾರೆ, ನಾನು ಯಾರಿಗೂ ಹೇಳುವುದಿಲ್ಲ.

ಮಾವ: ಅಪ್ಪಣೆಯ ಶಕ್ತಿ ವೇಗದ್ದು. ಅದರ ದೌರ್ಬಲ್ಯ ಈ ಮೌನ. ನಮ್ಮದು ಅದರ ತಿರುವುಮುರುವು. ನಮ್ಮಲ್ಲಿ ಗದ್ದಲ ಉಂಟು, ಕೇಳಿದ್ದನ್ನು ಮಾಡುವ ವೇಗ ಇಲ್ಲ.

ಅಳಿಯ: ನಡುದಾರಿ ಎಂದರೆ ಖಾಸಗಿಯವರ ಜೊತೆ ಸೇರಿ ಮಾಡುವುದು ಅಲ್ವಾ? ಇಲ್ಲಿ ಹೆಚ್ಚಿನ ಚಿಕಿತ್ಸೆ ಕೊಡುವುದು ಖಾಸಗಿ ಆಸ್ಪತ್ರೆಗಳೇ. ಇದೇ ಪಾರ್ಕಿನಲ್ಲಿ ಎನ್‌ಎಂಸಿಯ ಆಸ್ಪತ್ರೆ ಉಂಟಲ್ಲ, ಕಾಪುವಿನ ಬಿ.ಆರ್. ಶೆಟ್ಟರು 1970ರ ದಶಕದಲ್ಲಿ ಅಬುಧಾಬಿಯಲ್ಲಿ ಶುರು ಮಾಡಿದ ಸಂಸ್ಥೆ.

ಮಾವ: ಒಳ್ಳೆಯ ಉದಾಹರಣೆ ತೆಗೆದೆ. ಆ ಸಂಸ್ಥೆಯ ಲೆಕ್ಕದಲ್ಲಿ ಕಾಣದ ಸಾಲ ಹೊರಬಿದ್ದು 2020ರ ಏಪ್ರಿಲ್‌ನಲ್ಲಿ ಆಡಳಿತಾಧಿಕಾರಿಗಳ ಕೈಗೆ ಹೋಯಿತು. ಆದರೂ ಆಸ್ಪತ್ರೆಗಳು ನಡೆದವು. ವಿಮೆಯ ದುಡ್ಡು, ಪರವಾನಗಿಯ ನಿಯಮ, ರೋಗಿಗಳು, ಯಾವುದೂ ಒಬ್ಬ ಮಾಲೀಕನ ಕಿಸೆಯನ್ನು ನೆಚ್ಚಿರಲಿಲ್ಲ. ಈಗ ಉಡುಪಿಗೆ ಬಾ. ಹಾಜಿ ಅಬ್ದುಲ್ಲಾ ಸಾಹೇಬರು ದಾನ ಕೊಟ್ಟ ಜಾಗದ ಸರ್ಕಾರಿ ಹೆರಿಗೆ ಆಸ್ಪತ್ರೆ. 2016ರಲ್ಲಿ ಶೆಟ್ಟರ ಸಂಸ್ಥೆಯೊಡನೆ ಸರ್ಕಾರ ಒಪ್ಪಂದ ಮಾಡಿತು. 200 ಹಾಸಿಗೆಯ ತಾಯಿ-ಮಕ್ಕಳ ಆಸ್ಪತ್ರೆ ಕಟ್ಟಿ ಉಚಿತವಾಗಿ ನಡೆಸಬೇಕು. ಬದಲಿಗೆ ಅದೇ ಜಾಗದ ಇನ್ನೊಂದು ಭಾಗದಲ್ಲಿ ಅವರು ತಮ್ಮ ದೊಡ್ಡ ಖಾಸಗಿ ಆಸ್ಪತ್ರೆ ಕಟ್ಟಿಕೊಳ್ಳಬಹುದು.

ಅಳಿಯ: ಆಗ ಊರಲ್ಲಿ ವಿರೋಧವೂ ಆಗಿತ್ತು, ನೆನಪುಂಟು.

ಮಾವ: ಆಗಿತ್ತು. 2017ರಲ್ಲಿ ಆಸ್ಪತ್ರೆ ತೆರೆಯಿತು. ಚೊಕ್ಕವಾಗಿತ್ತು, ಬಡವರ ಹೆರಿಗೆ ಚೆನ್ನಾಗಿ ಆಗುತ್ತಿತ್ತು, ಅದನ್ನು ಅಲ್ಲಗಳೆಯಬಾರದು. ಅಬುಧಾಬಿಯಲ್ಲಿ ಸಂಸ್ಥೆ ಕುಸಿದ ಮೇಲೆ ಉಡುಪಿಯಲ್ಲಿ ಸಿಬ್ಬಂದಿಗೆ ಸಂಬಳ ನಿಂತಿತು, ಅವರು ಮುಷ್ಕರ ಹೂಡಿದರು. 2022ರಲ್ಲಿ ಸರ್ಕಾರವೇ ಆಸ್ಪತ್ರೆಯನ್ನು ಕೈಗೆ ತೆಗೆದುಕೊಂಡಿತು. ಅಬುಧಾಬಿಯ ಸಂಸ್ಥೆಯ ಲೆಕ್ಕ ತಪ್ಪಿದರೆ ಉಡುಪಿಯ ನರ್ಸಿನ ಸಂಬಳ ಯಾಕೆ ನಿಲ್ಲಬೇಕು? ಒಪ್ಪಂದ ಬರೆದವರು ಕಟ್ಟಡದ ದುಡ್ಡನ್ನು ಯೋಚಿಸಿದರು, ನಾಲ್ಕನೆಯ ವರ್ಷದ ಸಂಬಳವನ್ನು ಯೋಚಿಸಲಿಲ್ಲ.

ಅಳಿಯ: ಹಾಗಾದರೆ ಹೊರಗಿನವರು ಸರ್ಕಾರಿ ಆಸ್ಪತ್ರೆಗೆ ಕೈಹಾಕಲೇಬಾರದೇ?

ಮಾವ: ಹಾಗೆ ಹೇಳಲಾರೆ. ಡಾ. ಸುದರ್ಶನರ ಕರುಣಾ ಟ್ರಸ್ಟ್ 1996ರಲ್ಲಿ ಯಳಂದೂರು ತಾಲ್ಲೂಕಿನ ಗುಂಬಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ಸರ್ಕಾರದಿಂದ ವಹಿಸಿಕೊಂಡಿತು. ಆರೋಗ್ಯ ಕೇಂದ್ರವು ಸರ್ಕಾರದ್ದೇ ಆಗಿ ಉಳಿಯಿತು, ನಡೆಸುವ ಹೊಣೆ ಅವರದ್ದು. ಸಿಬ್ಬಂದಿ ಅಲ್ಲೇ ವಾಸವಿರುವುದು, ಹಗಲೂ ರಾತ್ರಿಯೂ ಬಾಗಿಲು ತೆರೆದಿರುವುದು, ಅವರ ಹೊಸತು ಅಷ್ಟೇ ಸರಳ. ಮುಂದೆ ಬೇರೆ ರಾಜ್ಯಗಳಲ್ಲೂ ಕೇಂದ್ರಗಳನ್ನು ವಹಿಸಿಕೊಂಡರು. ಇದೇ ಸುದರ್ಶನರು ರಾಜ್ಯದ ಆರೋಗ್ಯ ಕಾರ್ಯಪಡೆಯ ಅಧ್ಯಕ್ಷರಾಗಿ 2001ರಲ್ಲಿ ವರದಿ ಕೊಟ್ಟಾಗ ಭ್ರಷ್ಟಾಚಾರವನ್ನೇ ಇಲಾಖೆಯ ಒಂದು ರೋಗವೆಂದು ನೇರವಾಗಿ ಹೆಸರಿಸಿದರು. ಆಮೇಲೆ ಲೋಕಾಯುಕ್ತದಲ್ಲಿ ಆರೋಗ್ಯ ಇಲಾಖೆಯ ಜಾಗೃತ ವಿಭಾಗವನ್ನೂ ನೋಡಿಕೊಂಡರು. ಖರೀದಿಯಲ್ಲಿ ಕಮಿಷನ್ ಉಂಟು ಎಂದಾದಾಗ ಬೇಕಾದ ಯಂತ್ರ ಬರುವುದಿಲ್ಲ, ಕಮಿಷನ್ ಬರುವ ಯಂತ್ರ ಬರುತ್ತದೆ.

ಅಳಿಯ: ಮಾವ, ಇದನ್ನು ಕೇಳಿ ನನಗೆ ಸ್ವಲ್ಪ ಕಸಿವಿಸಿ ಆಗುತ್ತಿದೆ. ನಮ್ಮ ಊರಿನವರು ಇಲ್ಲಿ ಹತ್ತಿಪ್ಪತ್ತು ಜನ ಸೇರಿ ದುಡ್ಡು ಒಟ್ಟು ಮಾಡುತ್ತಿದ್ದೇವೆ. ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ರಕ್ತಪರೀಕ್ಷೆಯ ದೊಡ್ಡ ಯಂತ್ರ ಕೊಡಬೇಕೆಂದು. ಶಾಸಕರನ್ನು ಕರೆಸಿ ಹಸ್ತಾಂತರ ಮಾಡುವ ಯೋಚನೆಯೂ ಉಂಟು.

ಮಾವ: ಕೇಂದ್ರದ ಡಾಕ್ಟರನ್ನು ಕೇಳಿದ್ದೀರಾ?

ಅಳಿಯ: ಇಲ್ಲ. ಕೊಟ್ಟರೆ ಬೇಡ ಎನ್ನುತ್ತಾರೆಯೇ?

ಮಾವ: ಬೇಡ ಎನ್ನುವುದಿಲ್ಲ, ಅದೇ ಕಷ್ಟ. ದಾನ ಬಂದ ಯಂತ್ರ ಬಟ್ಟೆ ಹೊದ್ದು ಕೂತಿರುವುದನ್ನು ನಾನು ಒಂದಕ್ಕಿಂತ ಹೆಚ್ಚು ಕಡೆ ನೋಡಿದ್ದೇನೆ. ಅಂಥ ಯಂತ್ರದ ಬೆಲೆ ಒಂದು ಸಲದ್ದು, ಪರೀಕ್ಷೆಗೆ ಬೇಕಾದ ರಾಸಾಯನಿಕ, ಅಂದರೆ ರೀಏಜೆಂಟಿನ ಖರ್ಚು ತಿಂಗಳು ತಿಂಗಳಿನದ್ದು. ಎಷ್ಟೋ ಯಂತ್ರಗಳಿಗೆ ಅದೇ ಕಂಪನಿಯ ರೀಏಜೆಂಟ್ ಆಗಬೇಕು. ಸರ್ಕಾರದ ಸರಬರಾಜಿನ ಪಟ್ಟಿಯಲ್ಲಿ ಅದು ಇಲ್ಲದಿದ್ದರೆ ಯಾರು ಕೊಳ್ಳುತ್ತಾರೆ? ಲ್ಯಾಬ್ ಟೆಕ್ನೀಷಿಯನ್ ಹುದ್ದೆ ಖಾಲಿ ಇದ್ದರೆ ಯಾರು ನಡೆಸುತ್ತಾರೆ? ಕರೆಂಟ್ ಹೋಗಿ ಬಂದು ಬೋರ್ಡು ಸುಟ್ಟರೆ ವಾರ್ಷಿಕ ನಿರ್ವಹಣೆಯ ಒಪ್ಪಂದ ಯಾರದ್ದು?

ಅಳಿಯ: ಹಾಗಾದರೆ ದುಡ್ಡನ್ನು ಏನು ಮಾಡುವುದು?

ಮಾವ: ಮೊದಲು ಒಂದು ಪತ್ರ ಬರೆಯಿರಿ. ‘ನಿಮ್ಮ ಕೆಲಸದಲ್ಲಿ ಯಾವುದು ದಿನಾ ಕಾಲಿಗೆ ತೊಡರುತ್ತದೆ?’ ಎಂದು ಡಾಕ್ಟರನ್ನು ಕೇಳಿ, ನರ್ಸನ್ನು ಕೇಳಿ, ಆಶಾಗಳನ್ನು ಬೇರೆಯಾಗಿ ಕೇಳಿ. ಲಸಿಕೆಯ ಫ್ರಿಜ್ಜಿಗೆ ಇನ್ವರ್ಟರ್ ಎಂದು ಬರಬಹುದು, ಬಾಣಂತಿಯರ ಕೋಣೆಗೆ ಬಿಸಿನೀರು ಎಂದು ಬರಬಹುದು, ಎರಡು ವರ್ಷ ಒಬ್ಬ ಡೇಟಾ ಎಂಟ್ರಿ ಹುಡುಗಿಯ ಸಂಬಳ ಎಂದೂ ಬರಬಹುದು. ಕೊನೆಯದನ್ನು ಕೊಟ್ಟರೆ ಯಾವ ಶಾಸಕರೂ ರಿಬ್ಬನ್ ಕತ್ತರಿಸುವುದಿಲ್ಲ. ಆದರೆ ಆಶಾಗಳ ದುಡ್ಡು ಸಮಯಕ್ಕೆ ಸರಿಯಾಗಿ ಬರುತ್ತದೆ, ಡಾಕ್ಟರಿಗೆ ರೋಗಿಯ ಮುಖ ನೋಡಲಿಕ್ಕೆ ಪುರುಸೊತ್ತು ಸಿಗುತ್ತದೆ.

ಅಳಿಯ: ಸಂಘದವರು ಒಪ್ಪುವುದು ಕಷ್ಟ ಮಾವ. ಯಂತ್ರದ ಮೇಲೆ ಹೆಸರು ಬರೆಸಬಹುದು, ಹುಡುಗಿಯ ಮೇಲೆ ಬರೆಸಲಿಕ್ಕೆ ಆಗುವುದಿಲ್ಲ.

ಮಾವ: ಸರ್ಕಾರಗಳೂ ಒಪ್ಪದಿರುವುದು ಇದೇ ಕಾರಣಕ್ಕೆ! ನಿಮ್ಮ ಸಂಘಕ್ಕೂ ವಿಧಾನಸೌಧಕ್ಕೂ ಆ ವಿಷಯದಲ್ಲಿ ವ್ಯತ್ಯಾಸ ಇಲ್ಲ. ಹೊಸತನ್ನು ತರುವ ಕೈಗಳು ಯಾವುವು ಎಂದು ಕೇಳಿದರೆ ನಾನು ಮೂರು ಹೇಳಿಯೇನು: ಸಂಕಟ, ಅಪ್ಪಣೆ, ಹಟ ಹಿಡಿದ ಒಬ್ಬ ಮನುಷ್ಯ. ಬೋಂಗಾವ್, ದುಬೈ, ಗುಂಬಳ್ಳಿ. ಅದನ್ನು ಉಳಿಸುವುದು ಮಾತ್ರ ಇವು ಯಾವುದೂ ಅಲ್ಲ. ಅದು ಯಾರೋ ಒಬ್ಬರ ದಿನದ ಕೆಲಸದ ಭಾಗವಾಗಬೇಕು, ಅವರ ಕೈಯಿಂದ ಹಳೆಯ ಒಂದು ಹೊರೆಯನ್ನು ಇಳಿಸಬೇಕು, ಹೆಚ್ಚು ಕಡಿಮೆಯಾದರೆ ಅವರು ಒಬ್ಬರೇ ಉತ್ತರ ಕೊಡಬೇಕಾದ ಸ್ಥಿತಿ ಇರಬಾರದು. ಇಷ್ಟು ಇಲ್ಲದೆ ಬಂದದ್ದು ಯೋಜನೆಯ ಹೆಸರಲ್ಲಿ ಬಂದ ಖರ್ಚು.

ಅಳಿಯ: ಇದನ್ನು ಊರಲ್ಲಿ ಕೇಳುವ ಜಾಗ ಎಲ್ಲುಂಟು?

ಮಾವ: ಪ್ರತಿ ಆರೋಗ್ಯ ಕೇಂದ್ರಕ್ಕೂ ಒಂದು ಆರೋಗ್ಯ ರಕ್ಷಾ ಸಮಿತಿ ಉಂಟು. ಡಾಕ್ಟರು, ಪಂಚಾಯತಿಯವರು, ಊರಿನವರು ಅದರಲ್ಲಿ ಇರಬೇಕು. ಬಹಳ ಕಡೆ ಸಭೆಯ ನಡಾವಳಿ ಪುಸ್ತಕವನ್ನು ಸಹಿಗಾಗಿ ಮನೆಗೇ ಕಳಿಸುತ್ತಾರೆ. ಸಹಿ ಹಾಕಿ ಕಳಿಸಬೇಡಿ, ಸಭೆಗೆ ಹೋಗಿ ಕೂತುಕೊಳ್ಳಿ. ಮುಂದಿನ ಸಲ ನಿಮ್ಮ ಊರಿಗೆ ಹೊಸ ಆ್ಯಪ್, ಹೊಸ ಯಂತ್ರ, ಹೊಸ ಯೋಜನೆ ಬಂದಾಗ ಚಪ್ಪಾಳೆಗೆ ಮುಂಚೆ ಎರಡು ಪ್ರಶ್ನೆ ಕೇಳಿ: ಇದರಿಂದ ಯಾವ ಹಳೆಯ ರಿಜಿಸ್ಟರ್ ಮುಚ್ಚಿತು? ನಾಲ್ಕನೆಯ ವರ್ಷ ಇದರ ಸಂಬಳ ಕೊಡುವವರು ಯಾರು? ಎರಡಕ್ಕೂ ಉತ್ತರ ಸಿಕ್ಕಿದ ಮೇಲೆ ರಿಬ್ಬನ್ ಕತ್ತರಿಸಿದರೆ ಸಾಕು.